ಒಂದೇ ಸುತ್ತಿನ ತಂತಿ

ಜಯಪುರದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನ ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಕೂಗಳತೆ ಎಂಬುದು ಮಾತಿಗೆ ಹೇಳಿದ್ದು. ಅಲ್ಲಿಂದ ಯಾರಾದರೂ ಕೂಗಿದರೆ ನನಗೆ ಕೇಳುವುದಿಲ್ಲ. ಅಂಗಡಿಯೊಳಗೇ ನಿಂತು ಕೂಗಿದರೂ ಅಷ್ಟಕ್ಕಷ್ಟೆ.

ಸುಟ್ಟುಹೋದ ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನುಗಳನ್ನು ಜನ ತಂದು ಬಾಗಿಲಲ್ಲಿ ಇಡುತ್ತಾರೆ. ಕರಕಲಾದ ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಾಕಿ ಒಣಗಿಸಿ ಕೊಡುವುದು ನನ್ನ ಕೆಲಸ. ನಲವತ್ತು ವರ್ಷದಿಂದ ಇದೇ. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬನೇ ಇದ್ದೇನೆ. ಕಿವಿ ಮಂದವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲವಾದ್ದರಿಂದ ಎಷ್ಟು ಮಂದವಾಗಿದೆ ಎಂಬುದು ನನಗೇ ಬಹಳ ದಿನ ಗೊತ್ತಾಗಲಿಲ್ಲ.

ಗೊತ್ತಾದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಅದನ್ನು ಮುಚ್ಚಿಟ್ಟದ್ದು. ಶಿವಮೊಗ್ಗಕ್ಕೆ ಹೋಗಿ ಎರಡು ಕಿವಿಗೂ ಯಂತ್ರ ಹಾಕಿಸಿಕೊಂಡೆ, ಅದು ಕಾಣದಂತೆ ಕೂದಲು ಬಿಟ್ಟೆ. ಈ ವಯಸ್ಸಿನಲ್ಲಿ ಎಂತ ಸ್ಟೈಲು ಎಂದು ಕ್ಷೌರದ ಅಂಗಡಿಯವನು ನಕ್ಕ. ನಕ್ಕದ್ದು ಕನ್ನಡಿಯಲ್ಲಿ ಕಂಡಿತು. ಯಂತ್ರ ಹಾಕಿದ ಮೇಲೆ ಎದುರಿಗೆ ಕೂತು ನಿಧಾನವಾಗಿ ಮಾತಾಡಿದರೆ ಅರ್ಧ ತಿಳಿಯುತ್ತಿತ್ತು. ನಾಲ್ಕು ಜನ ಸೇರಿದರೆ ಎಲ್ಲ ಕಲಸಿಹೋಗುತ್ತಿತ್ತು. ಚಮಚ ಲೋಟಕ್ಕೆ ಬಡಿದದ್ದು ಕಿವಿಗೆ ಚುಚ್ಚುವಷ್ಟು ಕೇಳುತ್ತದೆ, ಪಕ್ಕದವನ ಮಾತು ಕೇಳುವುದಿಲ್ಲ. ಎಲ್ಲರೂ ನಗುವಾಗ ನಾನೂ ನಗುತ್ತಿದ್ದೆ. ಒಂದು ಸಲ ಸಾವಿನ ಮನೆಯಲ್ಲಿ ಹಾಗೆ ಮಾಡಿ ಸಿಕ್ಕಿಬಿದ್ದೆ. ಅಂದಿನಿಂದ ಹೆಚ್ಚು ಕಡೆ ಹೋಗುವುದನ್ನೇ ಬಿಟ್ಟೆ.

ಬಿಡದೆ ಉಳಿಸಿಕೊಂಡದ್ದು ಒಂದೇ, ಶನಿವಾರದ ತಾಳಮದ್ದಲೆ. ಮೇಗುಂದದ ಒಂದು ಸಣ್ಣ ಸಭಾಭವನದಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾದರೆ ಕತ್ತಲಾಗುವುದರೊಳಗೆ ಮುಗಿಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಲೆ ನುಡಿಯುತ್ತವೆ, ಪಾತ್ರಧಾರಿಗಳು ಜಮಖಾನದ ಮೇಲೆ ಎದುರುಬದುರು ಕೂತು ಪದದ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾರೆ. ಬಾಯಿಪಾಠದ ಮಾತಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಅಲ್ಲಿಯೇ ಹುಟ್ಟಿಸಿಕೊಂಡು ಉತ್ತರ ಕೊಡಬೇಕು. ತಪ್ಪಿದರೆ ಸೋತಂತೆ, ಸಭೆ ಕೂಡಲೇ ಗುರುತಿಸುತ್ತದೆ.

ನನ್ನ ಎದುರು ಕೂರುವವನು ಶೆಟ್ಟಿಕೊಪ್ಪದ ಕಡೆಯ ಒಬ್ಬ ಗೆಳೆಯ. ಮೇಷ್ಟರಾಗಿದ್ದು ನಿವೃತ್ತನಾದವನು. ಮೂವತ್ತು ವರ್ಷ ನಾವಿಬ್ಬರೂ ಆ ಜಮಖಾನದ ಮೇಲೆ ಕಚ್ಚಾಡಿದ್ದೇವೆ. ಹೆಚ್ಚಾಗಿ ಅವನು ಸಂಧಾನಕ್ಕೆ ಬರುವ ದೂತ, ನಾನು ದಾಯಾದಿಗಳಿಗೆ ಪಾಲು ಕೊಡಲಾರೆ ಎನ್ನುವ ರಾಜ. ಅವನ ಮಾತು ಸಣ್ಣ ಉಳಿಯ ಹಾಗೆ, ಎಲ್ಲಿ ಹೊಕ್ಕಿತೆಂದು ತಿಳಿಯುವುದರೊಳಗೆ ಸೀಳಿರುತ್ತದೆ. ನನ್ನದು ಜೋರು. ಕಿವಿ ಸರಿ ಇದ್ದ ಕಾಲದಲ್ಲಿ ಹತ್ತು ಸಲ ಕೂತರೆ ಏಳು ಸಲ ಅವನೇ ಗೆಲ್ಲುತ್ತಿದ್ದ.

ಆಶ್ಚರ್ಯವೆಂದರೆ ಕಿವಿ ಹೋದ ಮೇಲೆ ನಾನು ಗೆಲ್ಲತೊಡಗಿದೆ. ಸಭಾಭವನದ ಗದ್ದಲದಲ್ಲಿ ಅವನ ಪ್ರಶ್ನೆ ನನಗೆ ಏನೇನೂ ಕೇಳುತ್ತಿರಲಿಲ್ಲ. ಅದಕ್ಕೆ ನಾನು ಹಿಂದಿನ ದಿನವೇ ಹತ್ತು ಹನ್ನೆರಡು ಮಾತುಗಳನ್ನು ಕಟ್ಟಿಕೊಂಡು ಹೋಗುತ್ತಿದ್ದೆ. ಅವನು ಮಾತು ಮುಗಿಸಿದಾಗ ತೊಡೆಯ ಮೇಲೆ ಒಮ್ಮೆ ತಟ್ಟುತ್ತಿದ್ದ. ಇತ್ತೀಚೆಗೆ ಅಂಟಿಕೊಂಡ ಚಾಳಿ ಎಂದುಕೊಂಡಿದ್ದೆ. ತಟ್ಟಿದ ಕೂಡಲೇ ನಾನು ನನ್ನ ಮಾತನ್ನು ಶುರುಮಾಡುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು, ಬಡಿಯುವ ಕೈಗಳು ಕಾಣುತ್ತಿದ್ದವು. ಮೂರು ವರ್ಷ ಹೀಗೇ ನಡೆಯಿತು. ನನಗೆ ಕಿವಿ ಕೇಳದಿರುವುದು ಒಬ್ಬರಿಗೂ ಗೊತ್ತಾಗಿಲ್ಲ, ನನ್ನ ಅನುಭವ ಅಷ್ಟು ಪಕ್ವವಾಗಿದೆ ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ. ಆದರೆ ಬಸ್ಸಿನಲ್ಲಿ ಜಯಪುರಕ್ಕೆ ಮರಳುವಾಗ ಆ ಬೀಗುವಿಕೆ ಉಳಿಯುತ್ತಿರಲಿಲ್ಲ. ಮೂರು ತಾಸು ಮಾತಾಡಿ ಬಂದಿದ್ದೇನೆ, ಯಾರ ಜೊತೆಗೂ ಮಾತಾಡಿದ ಹಾಗಿಲ್ಲ. ವಾರದಲ್ಲಿ ಮನುಷ್ಯರ ನಡುವೆ ಕೂರುವ ಹೊತ್ತೆಂದರೆ ಅದೊಂದೇ. ಅಲ್ಲಿಯೂ ಹೀಗಾದರೆ ಇನ್ನೆಲ್ಲಿಗೆ ಹೋಗಬೇಕು?

ಕಳೆದ ವರ್ಷ ಯಂತ್ರದ ತಪಾಸಣೆಗೆ ಶಿವಮೊಗ್ಗಕ್ಕೆ ಹೋಗಿದ್ದೆ. ಕಿವಿ ಪರೀಕ್ಷೆ ಮಾಡುವ ಮೇಡಂ, ನನ್ನ ಮಗಳಾಗುವ ವಯಸ್ಸಿನವರು, ಒಂದು ಗುಂಡಿ ತೋರಿಸಿದರು. "ಇದನ್ನು ಯಾವಾಗ್ಲಾದ್ರೂ ಒತ್ತಿದ್ದೀರಾ ಸರ್? ಟಿ ಅಂತ. ಒಳಗೆ ಒಂದು ಸಣ್ಣ ಕಾಯಿಲ್ ಇರ್ತದೆ. ಅದಕ್ಕೇ ಅಂತ ಇರೋದು."

ಕಾಯಿಲ್, ಅಂದರೆ ತಂತಿಯ ಸುರುಳಿ ಎಂಬ ನನ್ನ ಕಸುಬಿನ ಮಾತು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಅವರು ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಮೈಕಿನ ಸದ್ದನ್ನು ಆಂಪ್ಲಿಫೈಯರಿನಿಂದ ಒಂದು ತಂತಿಗೆ ಹರಿಸಿ ಆ ತಂತಿಯನ್ನು ಕೋಣೆಯ ಸುತ್ತ ಹಾಸಬೇಕು. ಕರೆಂಟು ಹರಿದಂತೆ ತಂತಿಯ ಸುತ್ತ ಅಯಸ್ಕಾಂತದ ಕ್ಷೇತ್ರ ಏರಿ ಇಳಿಯುತ್ತದೆ. ತಂತಿಯ ಒಳಗೆ ಕೂತವನ ಕಿವಿಯ ಕಾಯಿಲ್ ಅದನ್ನು ಹಿಡಿದು ಮತ್ತೆ ಸದ್ದು ಮಾಡುತ್ತದೆ. ಗಾಳಿಯಲ್ಲಿ ಬರುವ ಗಲಾಟೆ ಯಾವುದೂ ಬೇಡ. ತಂತಿಯಿಂದ ಆಚೆ ಹೋದರೆ ನಾಲ್ಕು ಹೆಜ್ಜೆಗೆ ಎಲ್ಲ ಕ್ಷೀಣ. ಅವರು ಇನ್ನೂ ವಿವರಿಸಲು ಹೊರಟಾಗ ನಾನು ತಡೆದೆ. ನಲವತ್ತು ವರ್ಷ ನಾನು ಹೊಟ್ಟೆ ಹೊರೆದದ್ದು ಇದರಿಂದಲೇ ಅಲ್ಲವೆ? ಮುಟ್ಟದೆ ತಿರುಗಿಸುವ ಶಕ್ತಿ ಇಲ್ಲದಿದ್ದರೆ ಊರಿನ ಒಂದು ಮೋಟಾರೂ ತಿರುಗುವುದಿಲ್ಲ. ಆ ಶಕ್ತಿ ಹಿಡಿಯುವ ಸುರುಳಿಯೊಂದನ್ನು ಮೂರು ವರ್ಷದಿಂದ ಕಿವಿಯ ಹಿಂದೆ ಇಟ್ಟುಕೊಂಡು ಓಡಾಡಿದ್ದೇನೆ, ನನಗೇ ಗೊತ್ತಿರಲಿಲ್ಲ.

ಅಂಗಡಿಗೆ ಬಂದು ಗುಂಡಿ ಒತ್ತಿದೆ. ಹೊರಗಿನ ಸದ್ದೆಲ್ಲ ನಿಂತು ಗುಂಯ್ ಎಂಬ ಒಂದು ಗುಂಗು ಶುರುವಾಯಿತು. ಕರೆಂಟಿನ ಸದ್ದು ಅದು. ಗೋಡೆಯ ವೈರಿನ ಹತ್ತಿರ ಹೋದರೆ ಹೆಚ್ಚು, ದೂರ ಸರಿದರೆ ಕಡಿಮೆ. ಓಡುವ ಮೋಟಾರಿನ ಪಕ್ಕ ತಲೆ ಇಟ್ಟರೆ ಅದರ ಉಸಿರೇ ಕಿವಿಯೊಳಗೆ ಬಂದಂತಾಗುತ್ತಿತ್ತು. ಬೀದಿಯಲ್ಲಿ ಬಸ್ಸುಗಳು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದವು, ಜನ ಸುಮ್ಮನೆ ಬಾಯಿ ಆಡಿಸುತ್ತಿದ್ದರು. ನನಗೆ ಗುಂಗೊಂದೇ. ಎಷ್ಟೋ ಮಧ್ಯಾಹ್ನ ಊಟ ಮಾಡಿ ಹಾಗೇ ಕೂತಿರುತ್ತಿದ್ದೆ. ಅದು ಯಾರ ಮಾತೂ ಅಲ್ಲ, ಆದರೂ ಏನೋ ಒಂದು ಇದೆಯಲ್ಲ ಎಂದು ಸಮಾಧಾನ. ಕರೆಂಟು ಹೋದರೆ ಅದೂ ಇಲ್ಲ. ಹಾಗೆ ಹೋದಾಗ ಒಮ್ಮೆ ನನಗೆ ಅಳು ಬಂದದ್ದುಂಟು, ಯಾಕೆ ಬಂತೆಂದು ಈಗಲೂ ಹೇಳಲಾರೆ.

ಸಭಾಭವನಕ್ಕೆ ತಂತಿ ಹಾಕುವುದೆಂದು ನಿರ್ಧರಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕಿವುಡನೆಂದು ನಾನೇ ಒಪ್ಪಿಕೊಂಡಂತೆ. ಕೂರುವ ದಿಂಬಿನ ಕೆಳಗೆ ಅಡಗಿಸುವ ಹಾಗೆ ಒಂದು ಸುರುಳಿ ಮಾಡಿದರೆ ಆಯಿತೆಂದು ಮೋಟಾರಿಗೆ ಸುತ್ತುವಂತೆ ಸಪೂರ ತಂತಿಯನ್ನು ಇನ್ನೂರು ಸುತ್ತು ಸುತ್ತಿದೆ. ಸುತ್ತು ಹೆಚ್ಚಾದಷ್ಟು ಬಲ ಹೆಚ್ಚು ಎಂಬುದು ನಮ್ಮ ಕೈಗೆ ಅಂಟಿದ ಲೆಕ್ಕ. ಮನೆಯಲ್ಲಿ ರೇಡಿಯೋಗೆ ಜೋಡಿಸಿ ಕೂತರೆ ಬಾಯಿಗೆ ಕಂಬಳಿ ಒತ್ತಿ ಮಾತಾಡಿದ ಹಾಗೆ ಕೇಳಿತು. ಆ, ಓ, ಊ ಮಾತ್ರ ಬರುತ್ತದೆ, ಕ, ತ, ಸ ಪತ್ತೆಯಿಲ್ಲ. ತಲೆ ಸ್ವಲ್ಪ ವಾಲಿಸಿದರೆ ಪೂರ್ತಿ ಮಾಯ. ಇನ್ನೂರು ಸಾಲಲಿಲ್ಲವೇನೋ ಎಂದು ನಾನೂರು ಸುತ್ತಿದೆ. ಇನ್ನೂ ಕೆಟ್ಟಿತು. ಮೇಡಂಗೆ ಫೋನಿನಲ್ಲಿ ಮೆಸೇಜು ಹಾಕಿದೆ. "ಒಂದೇ ಸುತ್ತು ಸಾಕು ಸರ್, ಕೋಣೆಯ ಸುತ್ತ ಪೂರ್ತಿ ಬರ್ಬೇಕು" ಎಂದು ಉತ್ತರ ಬಂತು. ಒಂದೇ ಸುತ್ತು! ನಲವತ್ತು ವರ್ಷದ ಕೈಗೆ ಅವಮಾನವಾದಂತಾಯಿತು. ಎರಡು ದಿನ ಸಿಟ್ಟು ಮಾಡಿಕೊಂಡು ಆಮೇಲೆ ಅದನ್ನೇ ಮಾಡಿದೆ.

ಮೈಕ್ ಸೆಟ್ಟಿನವನು ನನ್ನ ಹಳೆಯ ಗಿರಾಕಿ. ಅವನಿಗೆ ಮಾತ್ರ ಹೇಳಿ, ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡೆ. ಶನಿವಾರ ಬೆಳಿಗ್ಗೆ ಹೋಗಿ ಸಭಾಭವನದ ನಾಲ್ಕೂ ಗೋಡೆಯ ಬುಡಕ್ಕೆ ಒಂದು ಸುತ್ತು ತಂತಿ ಹಾಸಿದೆ. ಬಾಗಿಲ ಹತ್ತಿರ ಕಾಲಿಗೆ ಸಿಗದಂತೆ ಜಮಖಾನದ ಕೆಳಗೆ ದಾಟಿಸಿದೆ. ಆಂಪ್ಲಿಫೈಯರು ಸುಡದಂತೆ ಒಂದು ರೆಸಿಸ್ಟರು ಸೇರಿಸಿದೆ. ಮಧ್ಯಾಹ್ನ ಎಲ್ಲರೂ ಬಂದು ಕೂತ ಮೇಲೆ, ಕಿವಿ ತುರಿಸಿಕೊಂಡಂತೆ ಮಾಡಿ ಗುಂಡಿ ಒತ್ತಿದೆ.

ಭಾಗವತರು ಗಂಟಲು ಸರಿಮಾಡಿಕೊಂಡದ್ದು ಕೇಳಿತು. ಅವರು ಪದದ ಕೊನೆಯಲ್ಲಿ ಉಸಿರು ಎಳೆದುಕೊಂಡದ್ದು ಕೇಳಿತು. ಸಭೆಯ ಗುಜುಗುಜು, ಫ್ಯಾನಿನ ಬಡಿತ ಒಂದೂ ಇಲ್ಲ. ಆಮೇಲೆ ಗೆಳೆಯ ಮೈಕನ್ನು ಹತ್ತಿರ ಎಳೆದುಕೊಂಡು ಮಾತು ಶುರುಮಾಡಿದ. ಮೂರು ವರ್ಷದ ಮೇಲೆ ಅವನ ಧ್ವನಿ ನನ್ನ ತಲೆಯ ನಡುವೆಯೇ ಕೂತು ಮಾತಾಡಿದಂತೆ ಬಂತು. ಧ್ವನಿ ಮುದಿಯಾಗಿತ್ತು. ನಾನು ಅದಕ್ಕೆ ಸಿದ್ಧನಿರಲಿಲ್ಲ.

ಅವನು ಹೇಳುತ್ತಿದ್ದ. "ಅರಸಾ, ನಿನ್ನ ಮನಸ್ಸಿನಲ್ಲಿರುವುದು ನನಗೆ ತಿಳಿಯದೆ? ಕಾಡಿನಲ್ಲಿ ಬದುಕುವುದನ್ನು ಕಲಿತವರಿಗೆ ನಾಡು ಯಾತಕ್ಕೆ ಎಂದು ಕೇಳಬೇಕೆಂದಿದ್ದೀಯೆ. ಹಿಂದೆಯೂ ಕೇಳಿದ್ದೀಯೆ. ಕೇಳು, ಇನ್ನೊಮ್ಮೆ ಕೇಳಿಬಿಡು." ಇಷ್ಟು ಹೇಳಿ ತೊಡೆ ತಟ್ಟಿದ.

ನಾನು ಅಂದು ಕಟ್ಟಿಕೊಂಡು ಹೋಗಿದ್ದ ಮೊದಲ ಮಾತು ಅದೇ ಆಗಿತ್ತು. ಕಾಡಿನಲ್ಲಿ ಬದುಕುವುದನ್ನು ಕಲಿತವರಿಗೆ ನಾಡು ಯಾತಕ್ಕೆ? ಬೇರೆ ಹೊಳೆಯದೆ ಅದನ್ನೇ ಹೇಳಿದೆ. ಚಪ್ಪಾಳೆ ಬಿತ್ತು. ಎರಡನೆಯ ಸಲ ನಾನು ಬೇಕೆಂದೇ ಬೇರೆ ಮಾತು ತೆಗೆದೆ, ಅವನು ಕೇಳಿದ್ದಕ್ಕೆ ಏನೇನೂ ಹೊಂದದ್ದು. ಅವನು ಸಭೆಯ ಕಡೆ ತಿರುಗಿ ಹೇಳಿದ. "ನಾವು ಕೇಳಿದ್ದೊಂದು, ಅರಸರು ಹೇಳಿದ್ದೊಂದು. ಕೇಳಿಯೂ ಕೇಳದಂತೆ ಇರುವುದು ಅರಮನೆಯ ಗತ್ತು. ನಮ್ಮಂಥ ದೂತರಿಗೆ ಅದು ಬರಬೇಕೆ?" ಮತ್ತೆ ಚಪ್ಪಾಳೆ.

ಅಂದು ಮೂರು ತಾಸು ಕೂತು ಎಲ್ಲವನ್ನೂ ಕೇಳಿದೆ. ನಾನು ಎಡವಿದ ಕಡೆ ಅವನು ಮೊದಲೇ ಹುಲ್ಲು ಹಾಸಿಟ್ಟಿರುತ್ತಿದ್ದ. ನಾನು ತಡಮಾಡಿದರೆ ಭಾಗವತರು ಪದ ಎತ್ತಿಬಿಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಮುಂದಿನ ಸಾಲಿನವರಿಗೂ, ಕಾಫಿ ಕೊಡುವವರಿಗೂ. ಮೂರು ವರ್ಷದಿಂದ ಗೆದ್ದವನು ನಾನಲ್ಲ. ನನ್ನನ್ನು ಕೈಹಿಡಿದು ನಡೆಸಿದ್ದರು, ಮುದುಕರನ್ನು ರಸ್ತೆ ದಾಟಿಸಿದ ಹಾಗೆ. ಕೃತಜ್ಞತೆ ಬರಬೇಕಿತ್ತು ಎಂದು ಇದನ್ನು ಓದಿದವರು ಹೇಳಬಹುದು. ನನಗೆ ಬಂದದ್ದು ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು. ಮಂಗಳ ಹಾಡಿ ಮುಗಿದದ್ದೇ ಕಾಫಿಗೂ ನಿಲ್ಲದೆ ಬಸ್ಸು ಹತ್ತಿದೆ.

ಮುಂದಿನ ಎರಡು ಶನಿವಾರ ಜ್ವರವೆಂದು ಹೇಳಿ ಕಳಿಸಿದೆ. ಅಂಗಡಿಯಲ್ಲಿ ಕೂತು ಗುಂಗು ಕೇಳಿದೆ. ಇನ್ನು ಹೋಗುವುದಿಲ್ಲ, ಹೋಗಿ ಮತ್ತೊಬ್ಬರ ದಯೆಯ ಚಪ್ಪಾಳೆ ತಿನ್ನುವುದಿಲ್ಲ ಎಂದು ನಿಶ್ಚಯಿಸಿದೆ. ನಿಶ್ಚಯ ಸುಲಭವಾಗಿತ್ತು, ಶನಿವಾರ ಮಧ್ಯಾಹ್ನ ಮೂರರ ಮೇಲೆ ಹೊತ್ತು ಮಾತ್ರ ಕಳೆಯುತ್ತಿರಲಿಲ್ಲ.

ಎರಡನೆಯ ಶನಿವಾರದ ಮಾರನೆಯ ದಿನ ಗೆಳೆಯ ಸ್ಕೂಟರಿನಲ್ಲಿ ಬಂದ. ಬೆಂಚಿನ ಮೇಲೆ ಕೂತು ಏನೋ ಹೇಳಿದ. ನಾನು ಯಂತ್ರ ತೆಗೆದಿಟ್ಟಿದ್ದೆ, ಒಂದಕ್ಷರ ಕೇಳಲಿಲ್ಲ. ತುಟಿ ಅಲ್ಲಾಡಿತು, ಹುಬ್ಬು ಮೇಲೆ ಹೋಯಿತು. ಕೊನೆಗೆ ಅವನ ಕೈ ತೊಡೆಯ ಮೇಲೆ ಬಿತ್ತು. ನನ್ನ ಸರದಿ ಎಂದು ತಿಳಿಸಿದ್ದು. ಜಮಖಾನದ ಮೇಲೆ ಮಾತ್ರವಲ್ಲ, ಬೆಂಚಿನ ಮೇಲೂ ಅವನು ಇದನ್ನೇ ಮಾಡುತ್ತ ಬಂದಿದ್ದಾನೆ. "ಹೌದೌದು, ಜ್ವರ ಬಿಟ್ಟಿದೆ" ಎಂದೆ. ಅವನು ತಲೆಯಾಡಿಸಿ, ಸ್ವಲ್ಪ ಹೊತ್ತು ಸುಟ್ಟ ಮೋಟಾರುಗಳನ್ನು ನೋಡುತ್ತ ಕೂತಿದ್ದು, ಎದ್ದು ಹೋದ. ಅವನು ಕೇಳಿದ್ದು ಜ್ವರದ ವಿಷಯ ಅಲ್ಲವೇ ಅಲ್ಲ ಎಂದು ಅವನ ಬೆನ್ನು ನೋಡಿದಾಗ ಅನ್ನಿಸಿತು. ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ ಮುಂದಿನ ಶನಿವಾರ ನಾನು ಹೋಗುತ್ತೇನೆಂದು ನನಗೇ ಗೊತ್ತಾಯಿತು. ಈ ಸಲ ಏನನ್ನೂ ಕಟ್ಟಿಕೊಳ್ಳದೆ, ಬರಿಗೈಯಲ್ಲಿ.

ಅಂದೂ ಅದೇ ಪ್ರಸಂಗ. ತಂತಿ ಹಾಸಿದಲ್ಲಿಯೇ ಇತ್ತು. ಅವನು ಎಂದಿನಂತೆ ಹುಲ್ಲು ಹಾಸತೊಡಗಿದ. "ಅರಸಾ, ಕಾಡು ಮತ್ತು ನಾಡಿನ ಮಾತನ್ನು ನೀನು ಎತ್ತುವೆ ಎಂದು ಬಲ್ಲೆ..."

ಅವನ ಕೈ ತೊಡೆಗೆ ಬರುವ ಮೊದಲೇ ನಾನು ಹೇಳಿದೆ. "ದೂತರು ನನ್ನ ಮಾತನ್ನೂ ತಾವೇ ಆಡುವುದಾದರೆ ನಾನು ಈ ಸಿಂಹಾಸನದಲ್ಲಿ ಕೂತಿರುವುದೇಕೆ? ನೀವೇ ಎರಡೂ ಕಡೆ ಕೂರಬಹುದಲ್ಲ."

ಅವನು ನನ್ನ ಮುಖ ನೋಡಲಿಲ್ಲ, ಕಿವಿ ನೋಡಿದ. ಆಮೇಲೆ ತುಟಿ ನನಗೆ ಕಾಣದಂತೆ ಶಾಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಮೈಕಿಗೆ ತುಟಿ ತಾಗಿಸಿ, ಪಿಸುಗುಟ್ಟಿದಂತೆ ಕೇಳಿದ. "ಅರಸಾ, ನಿನ್ನ ಆಸ್ಥಾನಕ್ಕೆ ಎಷ್ಟು ಕಂಬ?"

ಕತೆಗೂ ಕಂಬಕ್ಕೂ ಸಂಬಂಧವಿಲ್ಲ. "ಎಂಟು" ಎಂದೆ. "ಒಂದಕ್ಕೆ ಗೆದ್ದಲು ಹಿಡಿದಿದೆ. ತಾವು ಒರಗಿರುವುದು ಅದಕ್ಕೇ."

ಸಭೆ ಹೋ ಎಂದು ನಕ್ಕದ್ದು ಮೈಕಿನೊಳಗೂ ಬಂತು. ಅವನು ನಗಲಿಲ್ಲ. ಶಾಲು ಕೆಳಗಿಟ್ಟ, ಚಕ್ಕಳಮಕ್ಕಳ ಸರಿಮಾಡಿಕೊಂಡು ಕೂತ. ಆಮೇಲೆ ಶುರುವಾಯಿತು. ಮೂರು ವರ್ಷ ಮಸೆಯದೆ ಇಟ್ಟಿದ್ದ ಉಳಿಯನ್ನು ಹೊರಗೆ ತೆಗೆದ. ನಾನು ಒಂದು ಬಾಗಿಲು ಮುಚ್ಚಿದರೆ ಅವನು ಇನ್ನೊಂದರಿಂದ ಬಂದ. ನನ್ನ ಮಾತನ್ನೇ ಹಿಡಿದು ನನ್ನನ್ನು ಕಟ್ಟಿದ. ನಾನೂ ಬಿಡಲಿಲ್ಲ. ಎರಡು ಸಲ ಅವನನ್ನು ತಡವರಿಸುವ ಹಾಗೆ ಮಾಡಿದೆ. ಭಾಗವತರು ಪದ ಎತ್ತುವುದನ್ನೇ ಮರೆತು ನೋಡುತ್ತಿದ್ದರು. ಕೊನೆಗೆ ಅವನು ಧ್ವನಿ ಇಳಿಸಿ ಕೇಳಿದ. "ಕೊಡಬೇಡ, ಎಲ್ಲವನ್ನೂ ನೀನೇ ಇಟ್ಟುಕೋ. ಎದುರಿಗೆ ನಿಲ್ಲಲು ದಾಯಾದಿಗಳೇ ಇಲ್ಲದ ಆ ರಾಜ್ಯದಲ್ಲಿ, ಗೆದ್ದೆ ಎಂದು ಯಾರಿಗೆ ಹೇಳುತ್ತೀಯೆ?"

ಉತ್ತರ ಹುಡುಕಿದೆ, ಸಿಗಲಿಲ್ಲ. ಪ್ರಶ್ನೆ ಒಂದಕ್ಷರ ಬಿಡದೆ ಕೇಳಿಸಿತ್ತು, ಆದ್ದರಿಂದಲೇ ಉತ್ತರವಿರಲಿಲ್ಲ. ತಲೆ ತಗ್ಗಿಸಿದೆ. ಮೂರು ವರ್ಷದ ಮೇಲೆ ಮೊದಲ ಸಲ, ಎಲ್ಲರ ಎದುರು ಸಾಫಾಗಿ ಸೋತೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮಂಗಳವಾಯಿತು. ಜನ ಕಾಫಿಗೆಂದು ಹೊರಗೆ ಹೋದರು. ನಾನು ಏಳಲು ಹೊರಟಾಗ ಗೆಳೆಯ ಕೂತೇ ಇರು ಎಂದು ಸನ್ನೆ ಮಾಡಿದ. ಮೈಕ್ ಸೆಟ್ಟಿನವನ ಕಡೆ ನೋಡಿ, ಸ್ಪೀಕರು ಮಾತ್ರ ನಿಲ್ಲಿಸು, ಮೈಕು ಆಫ್ ಮಾಡಬೇಡ ಎಂದ. ಗೋಡೆಯ ಬುಡದ ತಂತಿಯನ್ನು ಒಂದು ಸುತ್ತು ಕಣ್ಣಲ್ಲೇ ಅಳೆದ. ಮೇಷ್ಟರಲ್ಲವೆ, ಅರ್ಥಮಾಡಿಕೊಳ್ಳಲು ಬಹಳ ಹೊತ್ತು ಬೇಕಾಗಲಿಲ್ಲ. ಮೈಕು ಎತ್ತಿಕೊಂಡ.

"ಯಾವಾಗಿಂದ ಕೇಳ್ತದೆ ಮಾರಾಯ?"

"ಹೋದ ಸಲ ಕೂತಾಗಿಂದ."

"ಹಂಗಾರೆ ಅವತ್ತು ನಾ ಹೇಳಿದ್ದೆಲ್ಲ ಕೇಳಿದೆ ನೀನು."

"ಪೂರ್ತಿ ಕೇಳಿದೆ."

ಅವನು ಮೈಕಿನ ತಲೆಯನ್ನು ಬೆರಳಿನಿಂದ ಒರೆಸುತ್ತ ಕೂತ. ಆ ಒರೆಸುವ ಸದ್ದೂ ನನಗೆ ಕೇಳುತ್ತಿತ್ತು.

"ಬೇಜಾರಾಯ್ತನ?"

"ಆಯ್ತು. ಬಯ್ಬೇಕು ಅಂತಿದ್ದೆ ನಿಂಗೆ. ನೀನ್ಯಾರು ನನ್ನ ಗೆಲ್ಸಕ್ಕೆ?"

"ಬಯ್ಯಿ. ಅದೂ ಕೇಳದೆ ಎಷ್ಟು ದಿನ ಆಯ್ತು." ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. "ನಿಂಗೆ ಕಿವಿ ಇರ್ಲಿಲ್ಲ ಮಾರಾಯ. ನಂಗೆ ಇತ್ತು. ಮೂರು ವರ್ಷ ಇಲ್ಲಿ ಕೂತು ನನ್ನ ಮಾತು ನಾನೇ ಕೇಳಿದ್ದು. ನಿಂದೂ ನಾನೇ ಆಡಿದ್ದು. ಮನೆಗೆ ಹೋಗಿ ಯಾರತ್ರ ಹೇಳದು ಇದ್ನ? ಶನಿವಾರ ಬಂತು ಅಂದ್ರೆ ಅಳು ಬರ್ತಿತ್ತು ನಂಗೆ."

ಅಷ್ಟು ವರ್ಷ ಒಬ್ಬಂಟಿಯಾಗಿದ್ದವನು ನಾನೊಬ್ಬನೇ ಎಂದು ತಿಳಿದಿದ್ದೆ. ಎದುರಿಗೆ, ಮೂರು ಮೊಳ ದೂರದಲ್ಲಿ, ಇನ್ನೊಬ್ಬ ಹಾಗೇ ಕೂತಿದ್ದ. ನಾಚಿಕೆಯಾಯಿತು. ಏನು ಹೇಳಬೇಕೆಂದು ತಿಳಿಯದೆ ನನ್ನ ಮೈಕನ್ನು ಹತ್ತಿರ ಎಳೆದುಕೊಂಡೆ. ಅವನಿಗೆ ಅದು ಬೇಕಿರಲಿಲ್ಲ, ಹಾಗೇ ಹೇಳಿದರೂ ಕೇಳುತ್ತಿತ್ತು.

"ಇನ್ನೂ ಹೇಳು" ಎಂದೆ.

ಬಾಗಿಲಲ್ಲಿ ಯಾರೋ ನಿಂತು ಕಾಫಿಗೆ ಬನ್ನಿ ಎಂದು ಕೈಬೀಸಿದರು. ಬಂದೆವು ಎಂದು ಇಬ್ಬರೂ ಕೈ ಎತ್ತಿದೆವು, ಏಳಲಿಲ್ಲ.